ಸ್ನಾಯು ಸೋಲುವ ಕಾರಣ ಹುಡುಕುತ್ತಾ

ನಾಲ್ಕು ವರ್ಷದ ಹುಡುಗ ನೆಲದಿಂದ ಸೀದಾ ಏಳುವುದಿಲ್ಲ. ಬೋರಲಾಗಿ, ಕೈಯೂರಿ, ಆಮೇಲೆ ಮೊಣಕಾಲು, ತೊಡೆ ಎಂದು ತನ್ನ ಮೈಯನ್ನೇ ಹತ್ತುತ್ತಾ ಎದ್ದು ನಿಲ್ಲುತ್ತಾನೆ. ಮೀನಖಂಡ ದಪ್ಪಗಿರುವುದರಿಂದ ಮನೆಯವರಿಗೆ ಮಗು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಹೀಗೆ ಏಳುವುದನ್ನು ವೈದ್ಯರು ‘ಗವರ್ಸ್ ಚಿಹ್ನೆ’ ಎನ್ನುತ್ತಾರೆ. ಸ್ನಾಯುಗಳು ಕ್ರಮೇಣ ಸೋಲುವ ಕಾಯಿಲೆಯಾದ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಡಿಎಂಡಿಯ ಮೊದಲ ಸುಳಿವು ಎಷ್ಟೋ ಸಲ ಸಿಗುವುದು ಇಲ್ಲೇ.

ಸುಳಿವು ಸಿಕ್ಕ ಮೇಲೂ ದಾರಿ ತಪ್ಪುವುದುಂಟು. ಎಸ್‌ಜಿಒಟಿ, ಎಸ್‌ಜಿಪಿಟಿ ಏರಿದ್ದನ್ನು ನೋಡಿ ಲಿವರ್ ತೊಂದರೆಯೆಂದು ಔಷಧ ಶುರುವಾಗುತ್ತದೆ. ಆದರೆ ಈ ಕಿಣ್ವಗಳು ಹಾಳಾಗುತ್ತಿರುವ ಸ್ನಾಯುವಿನಿಂದಲೂ ರಕ್ತಕ್ಕೆ ಸೇರುತ್ತವೆ. ಸಿಪಿಕೆ ಎಂಬ ಸರಳ ರಕ್ತಪರೀಕ್ಷೆ ಮಾಡಿಸಿದರೆ, 200ರ ಆಸುಪಾಸಿನಲ್ಲಿರಬೇಕಾದ ಅಂಕಿ ಸಾವಿರಗಳಲ್ಲಿರುತ್ತದೆ.

ಖಚಿತ ಉತ್ತರ ಮಾತ್ರ ಜೀನ್‌ನಲ್ಲೇ ಸಿಗಬೇಕು. ಡಿಎಂಡಿಯಲ್ಲಿ ದೋಷವಿರುವ ಡಿಸ್ಟ್ರೊಫಿನ್ ಜೀನ್ ಬಲು ದೊಡ್ಡದು: 20 ಲಕ್ಷಕ್ಕೂ ಹೆಚ್ಚು ಡಿಎನ್‌ಎ ಅಕ್ಷರ, 79 ಎಕ್ಸಾನ್ (ಪ್ರೋಟೀನ್ ತಯಾರಿಯ ಸೂಚನೆಯಿರುವ ತುಣುಕು). ಹೆಚ್ಚಿನ ಮಕ್ಕಳಲ್ಲಿ ಕೆಲವು ಎಕ್ಸಾನ್‌ಗಳು ಕಾಣೆಯಾಗಿರುತ್ತವೆ ಇಲ್ಲವೇ ಎರಡೆರಡು ಸಲ ಬಂದಿರುತ್ತವೆ. ಇದನ್ನು ಎಂಎಲ್‌ಪಿಎ ಪರೀಕ್ಷೆ ಹಿಡಿಯುತ್ತದೆ. ಅದು ‘ನಾರ್ಮಲ್’ ಬಂದರೆ ಫೈಲು ಮುಚ್ಚುವಂತಿಲ್ಲ, ಜೀನ್‌ನ ಅಕ್ಷರಗಳನ್ನು ಒಂದೊಂದಾಗಿ ಓದುವ ಸೀಕ್ವೆನ್ಸಿಂಗ್ ಮಾಡಿಸಲೇಬೇಕು.

ಗುಣಪಡಿಸುವ ಔಷಧವೇ ಇಲ್ಲದ ಮೇಲೆ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಸ್ನಾಯು ಸೋಲುವ ಇನ್ನೊಂದು ಕಾಯಿಲೆ, ಹುಟ್ಟಿನಿಂದ ಬರುವ ಮಯಸ್ಥೇನಿಯಾವನ್ನು ನೋಡಿ. ಅದರ ಹಲವು ಬಗೆಗಳಿಗೆ ಪಿರಿಡೊಸ್ಟಿಗ್ಮಿನ್ ಮಾತ್ರೆ ಒಳ್ಳೆಯದು. ದೋಷ ಡಿಒಕೆ7 ಜೀನ್‌ನಲ್ಲಿದ್ದರೆ ಅದೇ ಮಾತ್ರೆ ಮಗುವನ್ನು ಇನ್ನಷ್ಟು ನಿತ್ರಾಣ ಮಾಡಬಹುದು; ಅಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್ ಕೈಹಿಡಿಯುತ್ತದೆ. ಯಾವ ಜೀನ್ ಎಂದು ತಿಳಿಯದೆ ಇಲ್ಲಿ ಚಿಕಿತ್ಸೆಯೇ ಹಳಿ ತಪ್ಪುತ್ತದೆ.

ಜೀನ್ ಪರೀಕ್ಷೆಯ ಕೆಲವು ವರದಿಗಳಲ್ಲಿ ‘ಮಹತ್ವ ಸ್ಪಷ್ಟವಿಲ್ಲದ ಬದಲಾವಣೆ’ ಎಂದಿರುತ್ತದೆ, ಅಂದರೆ ಅದು ಕಾಯಿಲೆಗೆ ಕಾರಣವೋ ಅಲ್ಲವೋ ಹೇಳಲಾಗದು. ಜಗತ್ತಿನ ಜಿನೋಮ್ ದತ್ತಾಂಶ ಬಹುಪಾಲು ಯುರೋಪ್ ಮೂಲದವರದ್ದಾಗಿರುವುದು ಇದಕ್ಕೊಂದು ಕಾರಣ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುನ್ನಡೆಸಿದ ಜಿನೋಮ್‌ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜಿನೋಮ್ ಓದಿದೆ. ಈ ಕೊರತೆ ತುಂಬುವಲ್ಲಿ ಅದು ದೊಡ್ಡ ಹೆಜ್ಜೆ.

ಡಿಎಂಡಿ ಬಂದ ಮನೆಗಳಲ್ಲಿ ಸೊಸೆಯ ಕಡೆ ಬೆರಳು ತೋರಿಸುವುದು ಕ್ರೂರ. ಮೂರರಲ್ಲಿ ಒಂದು ಪ್ರಕರಣದಲ್ಲಿ ದೋಷ ತಾಯಿಯಿಂದ ಬಂದಿರುವುದೇ ಇಲ್ಲ, ಹೊಸದಾಗಿ ಹುಟ್ಟಿರುತ್ತದೆ. ತಾಯಿ ವಾಹಕಿಯಾಗಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆಯ ಸಾಧ್ಯತೆ ಶೇ 50. ಆಕೆಯ ಅಕ್ಕತಂಗಿಯರಿಗೂ ಆಪ್ತಸಮಾಲೋಚನೆ ಬೇಕಾಗುತ್ತದೆ.

ಮುಂದಿನ ಮಗುವಿನ ಯೋಚನೆ ಇರುವವರು ಕಾಯಿಲೆಯಿರುವ ಮಗುವಿನ ಪರೀಕ್ಷೆಯನ್ನು ಮೊದಲೇ ಮುಗಿಸಿಕೊಳ್ಳಿ. ಯಾವ ದೋಷವೆಂದು ಗೊತ್ತಿದ್ದರೆ ಮಾತ್ರ ಗರ್ಭದ 11ನೇ ವಾರದ ಹೊತ್ತಿನ ತಪಾಸಣೆಯಲ್ಲಿ ನೆಚ್ಚಬಹುದಾದ ಉತ್ತರ ಸಿಗುತ್ತದೆ. ವರದಿಯನ್ನು ಜೋಪಾನವಾಗಿಡಿ, ಮುಂದೊಂದು ದಿನ ಅದು ಮಗುವಿನ ಚಿಕ್ಕಮ್ಮನಿಗೂ ಬೇಕಾದೀತು.