ಆಟಿಕೆ ಬಂದೂಕಿನ ಬಣ್ಣಕ್ಕೆ ಗಟ್ಟಿಯಾದ ಪಾರದರ್ಶಕ ಲೇಪ: ಪೋಷಕರಿಗೆ ಕೆಲವು ಮಾತು



ಜರ್ಮನಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ದಸರಾ, ದೀಪಾವಳಿಗಳಷ್ಟೇ ಫಾಶಿಂಗ್ ಕೂಡ ಸಂಭ್ರಮದ ಹಬ್ಬ. ವೇಷಕ್ಕೆ ಒಪ್ಪುವಂತೆ ನೆರ್ಫ್ ಮಾದರಿಯ ಪ್ಲಾಸ್ಟಿಕ್ ಬಂದೂಕುಗಳಿಗೆ ಮನೆಯಲ್ಲೇ ಬಣ್ಣ ಬಳಿಯುವ ಮಕ್ಕಳು ಬಹಳ ಮಂದಿ. ಆದರೆ ನಾಲ್ಕು ದಿನ ಆಡುವಷ್ಟರಲ್ಲಿ ಹಿಡಿಯ ಬಳಿ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಇದನ್ನು ತಡೆಯಲು ಬಣ್ಣದ ಮೇಲೆ ಪಾರದರ್ಶಕ ಲೇಪ ಕೊಡಬೇಕು. ಇಲ್ಲಿನ ಬೌಮಾರ್ಕ್ಟ್‌ಗಳಲ್ಲಿ ಇದು ಕ್ಲಾರ್‌ಲಾಕ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇದನ್ನು ಬಳಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ.

ಮೊದಲು ಬಣ್ಣದ ಆಯ್ಕೆ

ಲೇಪ ಕೊಟ್ಟ ಮೇಲೆ ಬಣ್ಣ ಬದಲಿಸುವುದು ಕಷ್ಟ. ಆದ್ದರಿಂದ ಈ ಮಾತು ಮೊದಲೇ ಹೇಳಬೇಕು. ನೋಡಲು ನಿಜವಾದ ಬಂದೂಕಿನಂತಿರುವ ವಸ್ತುವನ್ನು ಜರ್ಮನ್ ಶಸ್ತ್ರಾಸ್ತ್ರ ಕಾನೂನು ‘ಆನ್‌ಶೈನ್ಸ್‌ವಾಫೆ’ ಎನ್ನುತ್ತದೆ. 2008ರ ಏಪ್ರಿಲ್ 1ರಿಂದ ಇಂಥದ್ದನ್ನು ಸಾರ್ವಜನಿಕ ಸ್ಥಳದಲ್ಲಿ ಹಿಡಿದು ತಿರುಗುವಂತಿಲ್ಲ. ಉಲ್ಲಂಘನೆಗೆ 10,000 ಯೂರೋವರೆಗೆ ದಂಡ ವಿಧಿಸಬಹುದು. ಒಟ್ಟು ನೋಟದಲ್ಲೇ ಆಟಿಕೆಯೆಂದು ತಿಳಿಯುವ ವಸ್ತುಗಳಿಗೆ ವಿನಾಯಿತಿ ಇದೆ. ನೈಜ ಬಂದೂಕಿಗಿಂತ ಅರ್ಧದಷ್ಟು ದೊಡ್ಡದು ಅಥವಾ ಚಿಕ್ಕದಾಗಿರುವುದು, ನಿಯಾನ್ ಬಣ್ಣದ ಭಾಗಗಳಿರುವುದು ಇವುಗಳನ್ನು ಕಾನೂನೇ ಗುರುತಾಗಿ ಹೆಸರಿಸುತ್ತದೆ.

ಅಂದರೆ ಅಂಗಡಿಯಿಂದ ಬಂದ ಕಿತ್ತಳೆ, ಹಳದಿ ಬಣ್ಣವೇ ಮಗುವಿಗೆ ರಕ್ಷಣೆ. ಅದರ ಮೇಲೆ ಪೂರ್ತಿ ಕಪ್ಪು ಅಥವಾ ಉಕ್ಕಿನ ಬಣ್ಣ ಬಳಿದರೆ ಆ ರಕ್ಷಣೆಯನ್ನು ನಾವೇ ಅಳಿಸಿದಂತೆ. ದಂಡಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇದೆ: ಮುಸ್ಸಂಜೆಯ ಬೀದಿಯಲ್ಲಿ ಪೊಲೀಸರಿಗೆ ದೂರದಿಂದ ಕಾಣುವುದು ಆಕಾರ ಮತ್ತು ಬಣ್ಣ ಮಾತ್ರ. ಆದ್ದರಿಂದ ಬಂದೂಕಿನ ತುದಿಯ ಕಿತ್ತಳೆ ಬಣ್ಣವನ್ನು ಹಾಗೆಯೇ ಬಿಡಿ, ಉಳಿದ ಕಡೆಯೂ ಗಾಢವಾದ ಆಟದ ಬಣ್ಣಗಳನ್ನೇ ಆರಿಸಿ, ಹೊರಗೆ ಒಯ್ಯುವಾಗ ಮುಚ್ಚಿದ ಚೀಲದಲ್ಲಿಡಿ.

ಬಣ್ಣ ಏಕೆ ಏಳುತ್ತದೆ?

ನಮ್ಮ ಚನ್ನಪಟ್ಟಣದ ಗೊಂಬೆಯನ್ನು ನೆನೆಯಿರಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಬಣ್ಣವೂ ಹೊಳಪೂ ಒಂದೇ. ಪ್ಲಾಸ್ಟಿಕ್ ಹಾಗಲ್ಲ. ಅದು ನುಣುಪು, ಏನನ್ನೂ ಹೀರಿಕೊಳ್ಳುವುದಿಲ್ಲ. ಅಡಿಯಲ್ಲಿ ಹಿಡಿತವಿಲ್ಲದಿದ್ದರೆ ಮೇಲಿನ ಲೇಪ ಎಷ್ಟೇ ಗಟ್ಟಿಯಿದ್ದರೂ ಬಣ್ಣದ ಸಮೇತ ಕಿತ್ತು ಬರುತ್ತದೆ.

ಹೀಗೆ ಮಾಡಿ

1. ಬಿಚ್ಚುವ ಮೊದಲು ಸ್ಕ್ರೂಗಳ ಜಾಗದ ಫೋಟೋ ತೆಗೆದುಕೊಳ್ಳಿ. ಹೊರಕವಚವನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ.

2. 400ರಿಂದ 600 ನಂಬರಿನ ಉಜ್ಜು ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ಒರೆಸಿ, ಪ್ಲಾಸ್ಟಿಕ್ ಪ್ರೈಮರ್ ಹಚ್ಚಿ, ನಂತರ ಬಣ್ಣ ಬಳಿಯಿರಿ.

3. ಒಂದಕ್ಕೊಂದು ಉಜ್ಜುವ, ಜಾರುವ ಭಾಗಗಳಿಗೆ ಮತ್ತು ಗುಂಡು ಹೊರಡುವ ಕೊಳವೆಯ ಒಳಭಾಗಕ್ಕೆ ಲೇಪ ಬೇಡ. ಅಲ್ಲಿ ಲೇಪ ಸೇರಿದರೆ ಯಂತ್ರ ಬಿಗಿಯಾಗುತ್ತದೆ. ಆ ಜಾಗಗಳಿಗೆ ಮೊದಲೇ ಕಾಗದದ ಟೇಪು ಅಂಟಿಸಿ.

4. ಬಣ್ಣ ಪೂರ್ತಿ ಒಣಗಿದ ಮೇಲೆ ಕಾಣದ ಮೂಲೆಯಲ್ಲಿ ಲೇಪವನ್ನು ಪರೀಕ್ಷಿಸಿ. ಕೆಲವು ಲೇಪದ ದ್ರಾವಕ ಕೆಳಗಿನ ಬಣ್ಣವನ್ನು ಸುಕ್ಕಾಗಿಸುತ್ತದೆ.

5. ಸುಮಾರು 25 ಸೆಂಟಿಮೀಟರ್ ದೂರದಿಂದ, ಮೊದಲು ಮಂಜಿನಂತೆ ತೆಳುವಾಗಿ ಸಿಂಪಡಿಸಿ. ನಂತರ ಡಬ್ಬಿಯ ಮೇಲೆ ಬರೆದಷ್ಟು ಅಂತರ ಬಿಟ್ಟು ಇನ್ನೆರಡು ತೆಳು ಪದರ ಕೊಡಿ. ಒಂದೇ ದಪ್ಪ ಪದರ ಕೊಟ್ಟರೆ ಸೋರುತ್ತದೆ, ಒಳಗೆ ಮೆತ್ತಗೇ ಉಳಿಯುತ್ತದೆ.

6. ಮುಟ್ಟಿದರೆ ಅಂಟದಿದ್ದರೂ ಅದು ಇನ್ನೂ ಗಟ್ಟಿಯಾಗಿರುವುದಿಲ್ಲ. ಒಂದು ವಾರ ತಡೆದು ಮಕ್ಕಳ ಕೈಗೆ ಕೊಡಿ.

ಫಾಶಿಂಗ್ ಬರುವುದು ಚಳಿಗಾಲದಲ್ಲಿ. ಕೊರೆಯುವ ಬಾಲ್ಕನಿಯಲ್ಲಿ ಸಿಂಪಡಿಸಿದರೆ ತೇವ ಕೂತು ಲೇಪ ಬಿಳಿಚಿಕೊಳ್ಳುತ್ತದೆ. ಹಾಗೆಂದು ನೆಲಮಾಳಿಗೆಯೂ ಸುರಕ್ಷಿತವಲ್ಲ: ಸ್ಪ್ರೇ ಡಬ್ಬಿಯ ಅನಿಲ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಬಾಯ್ಲರಿನ ಕಿಡಿ ಸಾಕು. 15 ಡಿಗ್ರಿಗಿಂತ ಬೆಚ್ಚಗಿನ ಒಣ ದಿನವನ್ನು ಶರತ್ಕಾಲದಲ್ಲೇ ಹುಡುಕಿ ಬಯಲಿನಲ್ಲಿ ಮುಗಿಸುವುದು ಜಾಣತನ.

ಯಾವ ಲೇಪ?

ಚಿಕ್ಕ ಮಕ್ಕಳಿರುವ ಮನೆಗೆ ನೀರಿನಲ್ಲಿ ಕರಗುವ, ಕುಂಚದಿಂದ ಹಚ್ಚುವ ಲೇಪ ಉತ್ತಮ. ಡಬ್ಬಿಯ ಮೇಲೆ ‘ಡಿನ್ ಇಎನ್ 71-3’ ಎಂದಿದೆಯೇ ನೋಡಿ. ಸೀಸ, ಕ್ಯಾಡ್ಮಿಯಂನಂಥ ಧಾತುಗಳು ಆಟಿಕೆಯಿಂದ ಎಷ್ಟರ ಮಟ್ಟಿಗೆ ಹೊರಬರಬಹುದು ಎಂಬುದಕ್ಕೆ ಮಿತಿ ಹಾಕುವ ಮಾನದಂಡ ಇದು. ಕೆಳಗಿನ ಬಣ್ಣಕ್ಕೂ ಇದೇ ಗುರುತು ಇರಲಿ, ಏಕೆಂದರೆ ಚೂರು ಎದ್ದಾಗ ಮಗುವಿನ ಬಾಯಿಗೆ ಹೋಗುವುದು ಎರಡೂ ಸೇರಿಯೇ.

ಕಾರುಗಳಿಗೆ ಬಳಸುವ ‘2ಕೆ’ ಲೇಪ ಎಲ್ಲಕ್ಕಿಂತ ಗಟ್ಟಿ ನಿಜ. ಆದರೆ ಅದರ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿನೊಡನೆ ಒಳಹೋದರೆ ಅಸ್ತಮಾ ತರಬಲ್ಲದು. ಡೈಐಸೊಸಯನೇಟ್ ಇರುವ ಇಂಥ ವಸ್ತುಗಳನ್ನು ವೃತ್ತಿಯಲ್ಲಿ ಬಳಸುವವರಿಗೆ ಯುರೋಪಿಯನ್ ಒಕ್ಕೂಟವು 2023ರ ಆಗಸ್ಟ್ 24ರಿಂದ ತರಬೇತಿಯನ್ನೇ ಕಡ್ಡಾಯಗೊಳಿಸಿದೆ. ನಾವೆಲ್ಲ ಕೊರೋನಾ ಕಾಲದಲ್ಲಿ ಕೊಂಡಿಟ್ಟ ಎಫ್‌ಎಫ್‌ಪಿ2 ಮುಖಗವಸು ಇಂಥ ಆವಿಯನ್ನು ತಡೆಯುವುದಿಲ್ಲ. ಒಂದು ಆಟಿಕೆಗಾಗಿ ಈ ಅಪಾಯ ಬೇಡವೆಂಬುದೇ ನಮ್ಮ ಸಲಹೆ. ಬಣ್ಣ ಸ್ವಲ್ಪ ಸವೆದರೆ ಇನ್ನೊಮ್ಮೆ ಬಳಿಯಬಹುದು.

ಉಳಿದ ಅರೆಡಬ್ಬಿಗಳನ್ನು ಮನೆಯ ಕಸಕ್ಕೆ ಹಾಕದೆ ನಿಮ್ಮ ಊರಿನ ಹಾನಿಕಾರಕ ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಎಲ್ಲ ಪುಟಾಣಿಗಳಿಗೂ ಬಣ್ಣಬಣ್ಣದ ಫಾಶಿಂಗ್ ಶುಭಾಶಯಗಳು!