ಕಲ್ಲು ನೆಲದಲ್ಲಿ ರೇಡಿಯೋಗೆ ಅರ್ಥಿಂಗ್: ಆಳಕ್ಕಲ್ಲ, ಅಗಲಕ್ಕೆ

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದು ಮರಳುಗಲ್ಲಿನ ಬಂಡೆಯ ಮೇಲಿಂದ. ಅದೇ ಸೀಮೆಯ ಮೇಲವಂಕಿಯಲ್ಲಿ ಹ್ಯಾಮ್ ರೇಡಿಯೋ ಇಡುವವರು ಅರ್ಥಿಂಗ್ ರಾಡ್ ಹೊಡೆಯುವಾಗ ಎರಡೇ ಅಡಿಗೆ ಸುತ್ತಿಗೆ ಠಣ್ ಎಂದು ಪುಟಿದರೆ, ಬಂಡೆಯೊಂದಿಗೆ ಗುದ್ದಾಡಬೇಡಿ, ಅಗಲಕ್ಕೆ ಹೋಗಿ. ಲೆಕ್ಕ ನೋಡಿ: 3 ಮೀಟರ್ ರಾಡಿಗೆ 10 ಓಮ್-ಮೀಟರ್ ರೋಧಕತೆಯ ಹಸಿ ಎರೆಮಣ್ಣಿನಲ್ಲಿ ರೋಧ ಸುಮಾರು 3 ಓಮ್, 1000 ಓಮ್-ಮೀಟರ್‌ನ ಕಲ್ಲಿನಲ್ಲಿ ಅದು 300 ದಾಟುತ್ತದೆ. ಹಾಗಾಗಿ ಬಂಡೆಯ ಮೇಲಿನ ತೆಳು ಮಣ್ಣೇ ನಮ್ಮ ಆಸ್ತಿ. ಅದರಲ್ಲಿ ಅರ್ಧ ಮೀಟರ್ ಆಳದ ಕಾಲುವೆ ತೋಡಿ, ಆಂಟೆನಾ ಕಂಬದ ಬುಡದಿಂದ ಮೂರ್ನಾಲ್ಕು ದಿಕ್ಕಿಗೆ ತಾಮ್ರದ ಪಟ್ಟಿ ಹಾಸಿ. ಉದ್ದ ಬೆಳೆದಷ್ಟೂ ರೋಧ ಇಳಿಯುತ್ತದೆ, ಸಿಡಿಲಿಗೂ ಹಲವು ದಾರಿ ಸಿಗುತ್ತದೆ.

ಉಪ್ಪು, ಇದ್ದಿಲು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಲೋಹವನ್ನೂ ತಿನ್ನುತ್ತದೆ. ನೀರು ಹಿಡಿದಿಡುವ ಬೆಂಟೊನೈಟ್ ಜೇಡಿ ಮೇಲು. ರೇಡಿಯೋಗೆ ಬೇರೆಯದೇ ಅರ್ಥ್ ಇರಲಿ ಎಂಬ ಮಾತು ಮಾತ್ರ ನಿಜಕ್ಕೂ ಅಪಾಯದ್ದು. ಸಿಡಿಲು ಹೊಡೆದಾಗ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ಅಂತರ ಏಳುತ್ತದೆ, ಆಗ ಕರೆಂಟ್ ನಿಮ್ಮ ರೇಡಿಯೋ ಮೂಲಕವೇ ಹಾಯುತ್ತದೆ. ಆದ್ದರಿಂದ ಕಂಬದ ಪಟ್ಟಿಯನ್ನೂ ಮೀಟರ್ ಬೋರ್ಡಿನ ಅರ್ಥನ್ನೂ ದಪ್ಪ ತಾಮ್ರದಿಂದ ಜೋಡಿಸಲೇಬೇಕು. ಈ ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಾಗಲಿ. ಇಷ್ಟು ಮಾಡಿದರೂ ಮುಂಗಾರಿನ ಮೋಡ ಕಟ್ಟಿದಾಗ ಆಂಟೆನಾ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ.