ತಲೆಗಾಯ ಮಾಯಿತು, ಪಾಠ ತಲೆಗೆ ಹತ್ತುತ್ತಿಲ್ಲ!

ಬೈಕ್ ಟ್ಯಾಂಕಿನ ಮೇಲೆ ಕೂತ ಕೂಸು, ತಾರಸಿ ಅಂಚಿನಲ್ಲಿ ಗಾಳಿಪಟ ಬಿಡುವ ಹುಡುಗ ಊರೂರಲ್ಲೂ ಕಾಣುವ ನೋಟ. ಬಿದ್ದು ತಲೆಗೆ ಪೆಟ್ಟಾದರೆ ಸ್ಕ್ಯಾನಿಂಗು, ಹೊಲಿಗೆ, ವಾರ ಹತ್ತು ದಿನ ಆಸ್ಪತ್ರೆ. ಆಮೇಲೆ ನೆಂಟರಿಷ್ಟರ ಸಮಾಧಾನ: "ಎಳೇ ಮಿದುಳು, ಬೇಗ ಸರಿಹೋಗುತ್ತೆ ಬಿಡಿ."

ವೈದ್ಯರು ಕಂಡಿರುವುದೇ ಬೇರೆ. ಪೆಟ್ಟು ಜೋರಾಗಿದ್ದರೆ, ವಯಸ್ಸು ಚಿಕ್ಕದಾದಷ್ಟೂ ತೊಂದರೆ ಹೆಚ್ಚು. ಗಮನ, ಯೋಚನೆ, ಸಿಟ್ಟಿನ ಹತೋಟಿ ನೋಡಿಕೊಳ್ಳುವ ಹಣೆಯ ಹಿಂದಿನ ಮಿದುಳು ಪೂರ್ತಿ ಬಲಿಯುವುದು 20 ದಾಟಿದ ಮೇಲೆ. 5ನೇ ವಯಸ್ಸಿನ ಪೆಟ್ಟಿನ ಫಲ, ಪಾಠ ಕಠಿಣವಾಗುವ ಹೈಸ್ಕೂಲಿನಲ್ಲಿ ಎದ್ದು ಕಂಡೀತು. ಅಷ್ಟೊತ್ತಿಗೆ ಬಿದ್ದ ಸಂಗತಿ ಯಾರಿಗೂ ನೆನಪಿರೋಲ್ಲ. ಮೇಷ್ಟ್ರು "ಸೋಮಾರಿ" ಅಂತಾರೆ, ಅಪ್ಪ ಕೈ ಎತ್ತುತ್ತಾನೆ. ಹುಡುಗನನ್ನು ನೋಡಿಕೊಳ್ಳಲು ತಾಯಿ ಕೆಲಸ ಬಿಟ್ಟರೆ ಸಾಲ. ಸಾಲದ ಹಿಂದೆಯೇ ಜಗಳ.

ಆ ಜಗಳದ ಪೆಟ್ಟೂ ಮಗುವಿಗೇ. ಅಮೆರಿಕದ ಒಹಾಯೋದಲ್ಲಿ 1990ರ ದಶಕದಲ್ಲಿ ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ತಜ್ಞರು ಕಂಡದ್ದು ಇಷ್ಟು: ನೆಮ್ಮದಿಯ ಮನೆಯ ಮಕ್ಕಳು ಹೆಚ್ಚು ಚೇತರಿಸಿಕೊಂಡರು.

ಆದ್ದರಿಂದ ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ. ಪ್ರತಿ ವರ್ಷ ಹೊಸ ಮೇಷ್ಟ್ರಿಗೆ ಪೆಟ್ಟಿನ ವಿಷಯ ತಿಳಿಸಿ. ಓದು ಹಿಂದೆ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸಿ. ಬೆತ್ತದಿಂದ ವಾಸಿಯಾಗುವ ಕಾಯಿಲೆ ಇದಲ್ಲ.